ಬಾಗಿದ ನೆಲದ ರೇಖಾಗಣಿತ

ಹೊನ್ನಾವರದಲ್ಲಿ ಶರಾವತಿ ಕಡಲನ್ನು ಸೇರುವೆಡೆ ಕೊಂಕಣ ರೈಲುಮಾರ್ಗದ ಅತ್ಯಂತ ಉದ್ದವಾದ ಸೇತುವೆಯಿದೆ. ಅದರ ಉದ್ದ 2 ಕಿಲೋಮೀಟರಿಗೆ ತುಸು ಹೆಚ್ಚು. ಗಾಳಿ, ಅಲೆಗಳೆರಡೂ ಅಡಗಿದ ಒಂದು ಬೆಳಗಿನಲ್ಲಿ, ಸೇತುವೆಯಷ್ಟೇ ಉದ್ದದ ದಾರವೊಂದನ್ನು ನೀರಿನ ಮೇಲೆ ಈ ಕೊನೆಯಿಂದ ಆ ಕೊನೆಗೆ ಕಿಂಚಿತ್ತೂ ಜೋಲದಂತೆ ಬಿಗಿಯುವುದು ಸಾಧ್ಯವಾದರೆ ಏನಾದೀತು? ದಾರದ ಎರಡು ತುದಿಗಳೂ ನೀರನ್ನು ಮುಟ್ಟಿಕೊಂಡಿರುವುವು. ನಡುಭಾಗವಾದರೋ ಸುಮಾರು 8 ಸೆಂಟಿಮೀಟರು, ಎಂದರೆ ನಾಲ್ಕು ಬೆರಳಗಲದಷ್ಟು, ನೀರಿನೊಳಗೆ ಮುಳುಗಿರುವುದು. ದಾರ ನೇರವಾಗಿಯೇ ಇದೆ, ನೀರು ಬಾಗಿದೆ.

ಮೀನುಗಾರರ ಮನೆಗಳಲ್ಲಿ ಇದು ಹೊಸ ಸಂಗತಿಯೇನಲ್ಲ. ಕುಮಟಾದ ಕಡಲತೀರದಲ್ಲಿ ನಿಂತವನ ಕಣ್ಣು ನೀರಿನ ಮಟ್ಟದಿಂದ ಒಂದೂವರೆ ಮೀಟರಿಗೆ ತುಸು ಮೇಲಿದ್ದರೆ, ಅವನ ದಿಗಂತ ಇರುವುದು ಕೇವಲ ನಾಲ್ಕೂವರೆ ಕಿಲೋಮೀಟರು ದೂರದಲ್ಲಿ. ಅದನ್ನು ದಾಟಿದ ದೋಣಿಯ ಒಡಲು ಮೊದಲು ಮರೆಯಾಗುತ್ತದೆ. ಕಂಬದ ಮೇಲೆ 5 ಮೀಟರು ಎತ್ತರದಲ್ಲಿ ಕಟ್ಟಿದ ದೀಪವಾದರೆ ಹನ್ನೆರಡು ಕಿಲೋಮೀಟರಿನ ವರೆಗೂ ಕಣ್ಣಿಗೆ ಸಿಕ್ಕೀತು. ಮಳೆಗಾಲದ ಮೋಡ ಕವಿದ ಸಂಜೆ, ದಡದಲ್ಲಿ ಕಾದು ನಿಂತವರಿಗೆ ಈ ಏಳೆಂಟು ಕಿಲೋಮೀಟರುಗಳ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕೆ? ಮುರುಡೇಶ್ವರದ ರಾಜಗೋಪುರದಂಥ ಕಟ್ಟಡದಲ್ಲಿ 60 ಮೀಟರು ಮೇಲೇರಿದರೆ ದಿಗಂತ 28 ಕಿಲೋಮೀಟರಿನಷ್ಟು ಆಚೆಗೆ ಸರಿಯುತ್ತದೆ.

ಹಾಗಾದರೆ ಶಾಲೆಯಲ್ಲಿ ಕಲಿತ ಯೂಕ್ಲಿಡನ ರೇಖಾಗಣಿತ ಸುಳ್ಳೆ? ಸುಳ್ಳಲ್ಲ, ಅದು ಸಮತಲದ ಸೊತ್ತು. ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬ ಮಾತು ಹಲಗೆಯ ಮೇಲೆ, ಕಾಗದದ ಮೇಲೆ ನಿಜ. ಬಿದಿರಿನ ಅಂಡೆಯ ಮೇಲೂ ನಿಜವೆಂದರೆ ಕೆಲವರಿಗೆ ಅಚ್ಚರಿಯಾದೀತು. ಬೆಂಕಿಗೆ ಹಿಡಿದು ಬಾಡಿಸಿದ ಬಾಳೆಯೆಲೆಯ ಮೇಲೆ ತ್ರಿಕೋನವೊಂದನ್ನು ಬರೆದು ಅಂಡೆಗೆ ಸುತ್ತಿದರೆ ಎಲೆ ಎಲ್ಲಿಯೂ ಸುಕ್ಕಾಗುವುದಿಲ್ಲ, ಹರಿಯುವುದಿಲ್ಲ. ಕೋನಗಳು ಇದ್ದಂತೆಯೇ ಇರುತ್ತವೆ. ಅದೇ ಎಲೆಯನ್ನು ಸುಲಿದ ತೆಂಗಿನಕಾಯಿಗೆ ಹೊದಿಸಹೊರಟ ಗೃಹಿಣಿಗೆ ಮಡಿಕೆಗಳ ಕಾಟ ತಪ್ಪದು. ಜಗತ್ತಿನ ಭೂಪಟ ತಯಾರಿಸುವವರ ಸಂಕಟವೂ ಇದೇ. ಗೋಳದ ಮೈಯನ್ನು ಅಳತೆ ಕೆಡದಂತೆ ಸಮತಲಕ್ಕೆ ಇಳಿಸುವುದು ಯಾವ ಜಾಣನಿಂದಲೂ ಆಗದು. 1827ರಲ್ಲಿ ಜರ್ಮನಿಯ ಗೌಸ್ ಪ್ರಕಟಿಸಿದ ಪ್ರಮೇಯದಿಂದ ಇದು ಸಿದ್ಧವಾಗುತ್ತದೆ.

ಗೋಳದ ಮೇಲಣ ತ್ರಿಕೋನದಲ್ಲಿ ಕೋನಗಳ ಮೊತ್ತ 180 ಡಿಗ್ರಿಯನ್ನು ಮೀರುತ್ತದೆ. ಎಷ್ಟು ಮೀರುತ್ತದೆಂಬುದು ತ್ರಿಕೋನದ ವಿಸ್ತೀರ್ಣವನ್ನು ಅವಲಂಬಿಸಿದೆ: ಭೂಮಿಯ ಮೇಲಾದರೆ ಸುಮಾರು 197 ಚದರ ಕಿಲೋಮೀಟರಿಗೆ ಒಂದು ಸೆಕೆಂಡು, ಎಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು. ಭಟ್ಕಳ, ಹೊನ್ನಾವರ, ಕುಮಟಾಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುವುದರಿಂದ ಆ ಮೂರರಿಂದ ಒಳ್ಳೆಯ ತ್ರಿಕೋನವಾಗದು. ಭಟ್ಕಳ, ಕುಮಟಾ ಮತ್ತು ಘಟ್ಟದ ಮೇಲಣ ಸಾಗರವನ್ನು ಸೇರಿಸಿದರೆ ಸುಮಾರು 1,400 ಚದರ ಕಿಲೋಮೀಟರಿನ ತ್ರಿಕೋನ ದೊರೆಯುತ್ತದೆ. ಅದರ ಕೋನಗಳಲ್ಲಿ ಹೆಚ್ಚುವರಿ 7 ಸೆಕೆಂಡು.

ಏಳು ಸೆಕೆಂಡು ಯಾವ ಲೆಕ್ಕವೆಂದು ತಳ್ಳಿಹಾಕುವಂತಿಲ್ಲ. ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯನ್ನು ಅಳೆಯಲು ಮುಂದಾದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಇದನ್ನು ಚೆನ್ನಾಗಿ ಬಲ್ಲವನಾಗಿದ್ದನು. 1802ರಲ್ಲಿ ಮದರಾಸಿನ ಬಳಿ ಏಳೂವರೆ ಮೈಲಿಯಷ್ಟು ಉದ್ದದ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆದು, ಅಲ್ಲಿಂದ ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತ ಅವನು ಪಡುವಣ ಕರಾವಳಿಯ ಮಂಗಳೂರಿನತ್ತ ಸಾಗಿದನು. ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊತ್ತವರ ಹೆಸರುಗಳು ಮಾತ್ರ ಅವನ ಹೆಸರಿನಂತೆ ಮೆರೆಯಲಿಲ್ಲ. ಪ್ರತಿ ದೊಡ್ಡ ತ್ರಿಕೋನದಲ್ಲಿಯೂ ಗೋಳದ ಹೆಚ್ಚುವರಿಯನ್ನು ಲೆಕ್ಕಕ್ಕೆ ಹಿಡಿಯಬೇಕಾಗಿತ್ತು. ಇದಕ್ಕೆ ಫ್ರಾನ್ಸಿನ ಲೆಜಾಂಡ್ರ್ 1787ರಲ್ಲಿಯೇ ಸುಲಭೋಪಾಯವೊಂದನ್ನು ತೋರಿಸಿದ್ದನು: ಹೆಚ್ಚುವರಿಯ ಮೂರನೆಯ ಒಂದು ಪಾಲನ್ನು ಪ್ರತಿ ಕೋನದಿಂದಲೂ ಕಳೆದು, ಆಮೇಲೆ ಸಮತಲದ ತ್ರಿಕೋನವೆಂದೇ ಭಾವಿಸಿ ಗಣಿಸುವುದು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದು ತಾಳೆ ನೋಡಿದಾಗ, ಲೆಕ್ಕಕ್ಕೂ ಅಳತೆಗೂ ಕಂಡ ಅಂತರ ನಾಲ್ಕು ಅಂಗುಲಕ್ಕಿಂತ ಕಡಿಮೆ! ಅದುವರೆಗಿನ ನಕ್ಷೆಗಳಲ್ಲಿ ಈ ಅಕ್ಷಾಂಶದಲ್ಲಿ ಪರ್ಯಾಯದ್ವೀಪದ ಅಗಲ 400 ಮೈಲಿಯೆಂದಿತ್ತು. ಲ್ಯಾಂಬ್ಟನ್ನನ ಲೆಕ್ಕದಲ್ಲಿ ಅದು 360ಕ್ಕೆ ಇಳಿಯಿತು. ಆ ನಲವತ್ತು ಮೈಲಿಯ ತಪ್ಪಿಗೆ ನೆಲದ ಬಾಗೊಂದೇ ಕಾರಣವೆಂದಲ್ಲ, ಹಳೆಯ ಅಳತೆಗಳೇ ಒರಟಾಗಿದ್ದವು.

ಕೋನಗಳ ಮೊತ್ತ 180ಕ್ಕಿಂತ ಕಡಿಮೆಯಾಗುವ ಮೇಲ್ಮೈಗಳೂ ಉಂಟು. ಕುದುರೆಯ ಜೀನು ಅಂಥದು. ಹಿಂದೆ ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಬಂದಿಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು. ಆ ಹಡಗುಗಳ ಮಾಲಿಮರು ರೇಖಾಗಣಿತದ ಗ್ರಂಥಗಳನ್ನು ಓದಿದ್ದರೋ ಇಲ್ಲವೋ, ಗೋಳದ ಬಾಗನ್ನು ಅಳೆಯುವ ಉಪಕರಣವೊಂದು ಅರಬ್ಬೀ ನಾವಿಕರಲ್ಲಿತ್ತು. ಅದರ ಹೆಸರು ಕಮಾಲ್. ಒಂದು ಚಿಕ್ಕ ಮರದ ಹಲಗೆ, ಅದರ ನಡುವಿನಿಂದ ಹೊರಟ ಗಂಟುಗಳಿರುವ ಒಂದು ದಾರ, ಅಷ್ಟೆ. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವಂತೆ ಹಲಗೆಯನ್ನು ಮುಂದೆ ಹಿಡಿಯಬೇಕು. ಹಲಗೆಯ ಕೆಳಗಂಚು ದಿಗಂತವನ್ನೂ ಮೇಲಂಚು ಧ್ರುವನಕ್ಷತ್ರವನ್ನೂ ಮುಟ್ಟಿದರೆ, ಆ ಗಂಟಿಗೆ ಸೇರಿದ ಅಕ್ಷಾಂಶಕ್ಕೆ ಹಡಗು ಬಂದಿತೆಂದು ಅರ್ಥ. ಇನ್ನು ಪೂರ್ವಕ್ಕೆ ತಿರುಗಿ ಸಾಗಿದರೆ ಬಂದರು. ಲೆಕ್ಕ ತಪ್ಪಿದರೆ ಕುದುರೆ, ಸರಕು, ಜನರೆಲ್ಲರೂ ಅಪರಿಚಿತ ಬಂಡೆಗಳ ಪಾಲು.

ನೆಲ ತಟ್ಟೆಯಂತೆ ಚಪ್ಪಟೆಯಾಗಿದ್ದಿದ್ದರೆ ಅಷ್ಟು ದೂರದ ನಕ್ಷತ್ರ ಎಲ್ಲ ಊರುಗಳಲ್ಲಿಯೂ ಒಂದೇ ಎತ್ತರದಲ್ಲಿ ಕಾಣಬೇಕಾಗಿತ್ತು, ಕಮಾಲ್ ನಿರುಪಯೋಗಿಯಾಗುತ್ತಿತ್ತು. ಭಟ್ಕಳದಲ್ಲಿ ಧ್ರುವಬಿಂದು ದಿಗಂತದಿಂದ 14 ಡಿಗ್ರಿ ಮೇಲಿದೆ. ಅಲ್ಲಿಂದ ಕುಮಟಾಗೆ ಬರುವಷ್ಟರಲ್ಲಿ ಅದು ಹುಣ್ಣಿಮೆಯ ಚಂದ್ರನ ಅಗಲಕ್ಕಿಂತ ತುಸು ಕಡಿಮೆಯಷ್ಟು ಮೇಲೇರಿರುತ್ತದೆ.