ಸರದಿಯಲ್ಲಿ ನಿಂತ ಆಟದ ಯಂತ್ರಗಳು

ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಹಳೆಯ ಆರ್ಕೇಡ್ ಯಂತ್ರಗಳನ್ನು ಕೂಡಿಹಾಕುವವರ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಎರಡು ಗುಂಪು ಇರುತ್ತದೆ: ಪ್ಲಗ್ ಹಾಕಿದ ಕೂಡಲೇ ಆಡಬಹುದಾದ ಕೆಲವು, ‘ಬಿಡುವಾದಾಗ ರಿಪೇರಿ ಮಾಡೋಣ’ ಎಂದು ಗೋಡೆಗೆ ಒತ್ತಿ ನಿಲ್ಲಿಸಿದ ಹಲವು. ಆಳೆತ್ತರದ ಮರದ ಪೆಟ್ಟಿಗೆ, ಅದರೊಳಗೆ ಹಳೇ ಟಿವಿಯಲ್ಲಿದ್ದಂಥ ಪಿಕ್ಚರ್ ಟ್ಯೂಬು, ಒಂದೆರಡು ಸರ್ಕ್ಯೂಟ್ ಬೋರ್ಡು, ಮುಂದೆ ಜಾಯ್‌ಸ್ಟಿಕ್ಕು ಮತ್ತು ಬಟನ್ನು, ಕೆಳಗೆ ನಾಣ್ಯದ ಡಬ್ಬಿ. ನಮ್ಮ ಪೇಟೆಗಳ ವಿಡಿಯೋ ಗೇಮ್ ಪಾರ್ಲರ್ ಕಂಡವರಿಗೆ ಇದರ ಗುರುತು ಹೇಳಬೇಕಿಲ್ಲ. 1972ರ ‘ಪಾಂಗ್’, 1978ರ ‘ಸ್ಪೇಸ್ ಇನ್‌ವೇಡರ್ಸ್’, 1980ರ ‘ಪ್ಯಾಕ್‌ಮ್ಯಾನ್’, 1981ರ ‘ಡಾಂಕಿ ಕಾಂಗ್’ ಇವೆಲ್ಲ ಈಗ ನಲವತ್ತು ದಾಟಿದ ಯಂತ್ರಗಳು. ಕೊಳ್ಳುವವರ ಉದ್ದೇಶ ಒಳ್ಳೆಯದೇ, ಇವು ಗುಜರಿಗೆ ಹೋಗಬಾರದು ಎಂಬುದು. ಆದರೆ ಒಂದು ಮಿತಿ ದಾಟಿದ ಮೇಲೆ ಹೊಸದಾಗಿ ಮನೆಗೆ ಬಂದ ಪ್ರತಿಯೊಂದು ಯಂತ್ರವೂ ಅದಾಗಲೇ ಅಲ್ಲಿರುವ ಇನ್ನೊಂದರ ಆಯಸ್ಸನ್ನು ತಿನ್ನುತ್ತದೆ. ಕೈಯಲ್ಲಿರುವುದು ಮುಗಿಯುವ ತನಕ ಇನ್ನೊಂದನ್ನು ತರುವುದಿಲ್ಲ ಎಂಬ ಹಟವನ್ನು ಹಣದ ಉಳಿತಾಯವೆಂದು ನೋಡುವವರು ಹೆಚ್ಚು. ನಾನು ಅದನ್ನು ಯಂತ್ರ ಉಳಿಸುವ ಕೆಲಸದ ಮೊದಲ ಭಾಗವೆಂದೇ ಎಣಿಸುತ್ತೇನೆ.

ಕಾರಣ ಯಂತ್ರದ ಹೊಟ್ಟೆಯೊಳಗಿದೆ. ಬಳಸದೆ ಇಟ್ಟರೆ ಯಂತ್ರ ಇದ್ದ ಹಾಗೇ ಇರುತ್ತದೆ ಎಂಬುದು ತಪ್ಪು ನಂಬಿಕೆ. ವಿಲಿಯಮ್ಸ್ ಕಂಪನಿಯ ‘ಡಿಫೆಂಡರ್’ ಯಂತ್ರವನ್ನೇ ತೆಗೆದುಕೊಳ್ಳಿ. ಆಟಗಾರರ ಅತಿ ಹೆಚ್ಚಿನ ಅಂಕಗಳನ್ನೂ ಮಾಲೀಕ ಮಾಡಿಕೊಂಡ ಸೆಟ್ಟಿಂಗುಗಳನ್ನೂ ಕರೆಂಟು ಹೋದಾಗ ನೆನಪಿಟ್ಟುಕೊಳ್ಳಲೆಂದು ಅದರ ಬೋರ್ಡಿನ ಮೇಲೇ ಮೂರು ಪೆನ್ಸಿಲ್ ಸೆಲ್ ಕೂರಿಸಿದ್ದಾರೆ. ಮರೆತುಬಿಟ್ಟ ಸೆಲ್ಲು ಒಂದಲ್ಲ ಒಂದು ದಿನ ಸೋರುತ್ತದೆ. ಸೋರಿದ ಕ್ಷಾರ ಮೊದಲು ಸೆಲ್ಲಿನ ತುದಿಯಲ್ಲಿ ಬಿಳಿ ಹಿಟ್ಟಿನಂತೆ ಕಾಣಿಸಿಕೊಂಡು, ಆಮೇಲೆ ತಾಮ್ರದ ಗೆರೆಗಳ ಗುಂಟ ಹಸಿರಾಗಿ ಹರಿದು, ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ತಿಂದುಹಾಕುತ್ತದೆ. ಚಿಪ್ಪು ಕೂರುವ ಸಾಕೆಟ್ಟಿನ ಕಾಲುಗಳೂ ಮುರಿದು ಉದುರುತ್ತವೆ. ಸೋರಿದ ಹೊಸತರಲ್ಲಿ ವಿನಿಗರ್ ಹಾಕಿ ಉಜ್ಜಿ ತೊಳೆದರೆ ಸಾಕಿದ್ದ ಬೋರ್ಡಿಗೆ ನಾಲ್ಕು ವರ್ಷದ ನಂತರ ಗೆರೆಗೆರೆಗೂ ತಂತಿ ಬೆಸೆಯಬೇಕಾಗುತ್ತದೆ. ಕ್ಯಾಪ್‌ಕಾಮ್‌ನ 1990ರ ದಶಕದ ಸಿಪಿಎಸ್-2 ಬೋರ್ಡುಗಳ ಕಥೆ ಇನ್ನೊಂದು ಬಗೆ: ನಕಲು ತಡೆಯಲು ಆಟದ ಗುಪ್ತ ಕೀಲಿಯನ್ನು ಬ್ಯಾಟರಿಯ ಬಲದ ಮೇಲೆ ನಿಂತ ಮೆಮೊರಿಯಲ್ಲಿ ಇಟ್ಟಿದ್ದರು, ಬ್ಯಾಟರಿ ಸತ್ತರೆ ಆಟವೂ ಸತ್ತಿತು. ಈಗ ಆ ಕೀಲಿಯನ್ನು ಮರಳಿ ತುಂಬಿಸುವ ದಾರಿ ತಿಳಿದಿದೆ, ಆದರೂ ಅದು ಯಾರೋ ಕೂತು ಮಾಡಬೇಕಾದ ಕೆಲಸ. ಮಾನಿಟರಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ವಯಸ್ಸಾದಂತೆ ಒಳಗೇ ಒಣಗುತ್ತವೆ, ಚಿತ್ರ ಸೊರಗುತ್ತದೆ, ಅಲುಗಾಡುತ್ತದೆ. ಪೆಟ್ಟಿಗೆಗೆ ಬಳಸಿದ ಪಾರ್ಟಿಕಲ್ ಬೋರ್ಡು ಗ್ಯಾರೇಜಿನ ಸಿಮೆಂಟು ನೆಲದ ತೇವ ಹೀರಿ ಬುಡದಿಂದ ಉಬ್ಬಿ ಬಿರಿಯುತ್ತದೆ. ಇಷ್ಟಕ್ಕೂ ಕಾಯುವುದಿಲ್ಲ ಎಂದು ಯಂತ್ರ ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನು ಲೆಕ್ಕ. 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕನ್ ವಿದ್ವಾಂಸರು ಸರದಿಯ ಬಗ್ಗೆ ಒಂದು ಸರಳ ಸೂತ್ರವನ್ನು ಸಾಧಿಸಿ ತೋರಿಸಿದರು: ಸರದಿಯಲ್ಲಿರುವವರ ಸಂಖ್ಯೆಯನ್ನು ಕೆಲಸ ಮುಗಿಯುವ ವೇಗದಿಂದ ಭಾಗಿಸಿದರೆ ಒಬ್ಬೊಬ್ಬರು ಸರಾಸರಿ ಎಷ್ಟು ಹೊತ್ತು ಕಾಯಬೇಕೆಂಬುದು ಸಿಗುತ್ತದೆ. ಕಾರ್ಖಾನೆ, ಆಸ್ಪತ್ರೆಗಳಲ್ಲಿ ಇವತ್ತಿಗೂ ಬಳಸುವ ಈ ಸೂತ್ರ ಗ್ಯಾರೇಜಿಗೂ ಸಲ್ಲುತ್ತದೆ. ಒಬ್ಬನ ಬಳಿ ಹನ್ನೆರಡು ಅರೆಬರೆ ಯಂತ್ರಗಳಿವೆ, ವರ್ಷಕ್ಕೆ ಎರಡನ್ನು ಪೂರ್ತಿ ಮಾಡಬಲ್ಲ, ವರ್ಷಕ್ಕೆರಡು ಹೊಸದನ್ನೂ ತರುತ್ತಾನೆ ಎಂದಿಟ್ಟುಕೊಳ್ಳಿ. ಸಾಲು ಉದ್ದವಾಗಲಿಲ್ಲ, ಮೋಸವಿಲ್ಲ ಎಂದು ಅವನಿಗೆ ಅನ್ನಿಸಬಹುದು. ಆದರೆ ಬಂದ ಪ್ರತಿ ಯಂತ್ರ ಸರಾಸರಿ ಆರು ವರ್ಷ ಕಾಯುತ್ತದೆ, ಆ ಆರು ವರ್ಷ ಬ್ಯಾಟರಿ ಸೋರುತ್ತಲೇ ಇರುತ್ತದೆ. ವರ್ಷಕ್ಕೆ ಮೂರು ತಂದರಂತೂ ಕಾಯುವ ಕಾಲಕ್ಕೆ ಕೊನೆಯೇ ಇಲ್ಲ. ಕೊಳ್ಳುವುದನ್ನು ನಿಲ್ಲಿಸಿದ ದಿನದಿಂದ ಸಾಲು ಕರಗತೊಡಗುತ್ತದೆ. ಅರ್ಧಕ್ಕೆ ನಿಲ್ಲಿಸಿದ ಕೆಲಸಕ್ಕೆ ತೆರಬೇಕಾದ ಬೆಲೆ ಇದರ ಮೇಲೆ ಬೇರೆ. ಬಿಚ್ಚಿದ ಸ್ಕ್ರೂ ಯಾವ ಡಬ್ಬಿಯಲ್ಲಿತ್ತು, ಕಂಟ್ರೋಲ್ ಪ್ಯಾನೆಲಿನಿಂದ ಬಂದ ಕಿತ್ತಳೆ ವೈರು ಎಲ್ಲಿಗೆ ಸೇರಬೇಕಿತ್ತು, ಯಾವ ಚಿಪ್ಪನ್ನು ಪರೀಕ್ಷೆ ಮಾಡಿಯಾಗಿತ್ತು ಎಂಬುದೆಲ್ಲ ಬಿಚ್ಚಿದವನ ತಲೆಯಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಎರಡು ವರ್ಷದ ನಂತರ ಅದೇ ಯಂತ್ರದ ಮುಂದೆ ಕೂತವನು ಕೆಲಸ ಮುಂದುವರಿಸುವುದಿಲ್ಲ, ಮೊದಲಿನಿಂದ ಶುರು ಮಾಡುತ್ತಾನೆ.

ಇದಕ್ಕೆ ಸಂಗ್ರಾಹಕರ ಕಡೆಯಿಂದ ಬರುವ ಬಲವಾದ ಆಕ್ಷೇಪ ಒಂದಿದೆ: ‘ನಾನು ಕೊಳ್ಳದಿದ್ದರೆ ಅದು ಕಸಕ್ಕೆ ಹೋಗುತ್ತದೆ.’ ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1980ರ ದಶಕದಲ್ಲಿ ಆಪರೇಟರುಗಳು ಹಳೆಯ ಪೆಟ್ಟಿಗೆಗೆ ಹೊಸ ಬಣ್ಣ ಬಳಿದು ಹೊಸ ಆಟ ತುರುಕಿದ್ದು, ದುಡ್ಡು ತಾರದ ಯಂತ್ರಗಳನ್ನು ಒಡೆದು ಎಸೆದದ್ದು ನಿಜ. ಆದರೆ ಪ್ಯಾಕ್‌ಮ್ಯಾನ್ ಯಂತ್ರಗಳು ಅಮೆರಿಕದಲ್ಲೇ ಒಂದು ಲಕ್ಷದ ಹತ್ತಿರ ತಯಾರಾಗಿದ್ದವು. ಅಂಥ ಯಂತ್ರ ಮಾರಾಟಕ್ಕೆ ಬಂದರೆ ಕೊಳ್ಳುವವರು ಹತ್ತು ಜನ ಇದ್ದಾರೆ, ಅವರಲ್ಲಿ ಖಾಲಿ ಜಾಗ ಮತ್ತು ಬಿಡುವು ಎರಡೂ ಇರುವ ಒಬ್ಬನಾದರೂ ಇರುತ್ತಾನೆ. ಅವನಿಗೆ ಸುದ್ದಿ ಮುಟ್ಟಿಸುವುದೇ ಆ ಯಂತ್ರಕ್ಕೆ ಮಾಡುವ ಉಪಕಾರ. ಒಂದು ಸಾವಿರವೋ ಎರಡು ಸಾವಿರವೋ ಮಾತ್ರ ತಯಾರಾದ, 1971ರ ‘ಕಂಪ್ಯೂಟರ್ ಸ್ಪೇಸ್’ನಂಥ ಯಂತ್ರ ನಿಜಕ್ಕೂ ಕಣ್ಣೆದುರು ನಾಶವಾಗುತ್ತಿದ್ದರೆ ನಿಯಮ ಮುರಿಯಲಿ, ಆದರೆ ಸಾಲಿನಲ್ಲಿರುವ ಒಂದನ್ನು ಬೇರೆಯವರಿಗೆ ಕೊಟ್ಟು ಜಾಗ ಮಾಡಿಕೊಳ್ಳಲಿ. ‘ಬಿಡಿಭಾಗಕ್ಕಾಗಿ ಇನ್ನೊಂದು ಬೇಕು’ ಎಂಬ ಮಾತು ನನಗೆ ಅಷ್ಟು ಒಪ್ಪಿಗೆಯಾಗದು. ಹೊಸ ಪಿಕ್ಚರ್ ಟ್ಯೂಬು ಈಗ ಯಾರೂ ತಯಾರಿಸದ ಕಾರಣ ಒಂದೊಂದು ಸಲ ಅದು ಸರಿಯಿರಬಹುದು. ಬಹಳಷ್ಟು ಸಲ ಆಗುವುದು ಮಾತ್ರ ಬೇರೆ: ಒಂದರ ಪವರ್ ಸಪ್ಲೈ ಇದಕ್ಕೆ, ಇದರ ಬೋರ್ಡು ಅದಕ್ಕೆ ಎಂದು ಬದಲಾಯಿಸುತ್ತಾ ಹೋಗಿ, ಸಣ್ಣ ದೋಷವಿದ್ದ ಎರಡು ಯಂತ್ರಗಳು ಎರಡು ಟೊಳ್ಳು ಪೆಟ್ಟಿಗೆಗಳಾಗುತ್ತವೆ. ಪ್ಯಾಕ್‌ಮ್ಯಾನ್ ಬೋರ್ಡಿನ ಅಂಚಿನಲ್ಲಿ ಕರೆಂಟು ಹಾಯುವ ಪಿನ್ನುಗಳು ಕಾದು ಕಪ್ಪಾಗುವುದು ಎಲ್ಲರಿಗೂ ಗೊತ್ತಿರುವ ದೋಷ. ಅದಕ್ಕೆ ಬೇಕಾದದ್ದು ಹೊಸ ಕನೆಕ್ಟರು, ಇನ್ನೊಂದು ಯಂತ್ರವಲ್ಲ.

ಇನ್ನೊಂದು ದಿಕ್ಕಿನ ಆಕ್ಷೇಪ ಯಂತ್ರಗಳ ಬೆಲೆಯನ್ನೇ ಪ್ರಶ್ನಿಸುತ್ತದೆ. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಶುರು ಮಾಡಿದ ಮೇಮ್ ತಂತ್ರಾಂಶದಿಂದ ಸಾವಿರಾರು ಆರ್ಕೇಡ್ ಆಟಗಳು ಇವತ್ತು ಸಾಧಾರಣ ಕಂಪ್ಯೂಟರಿನಲ್ಲೇ ಓಡುತ್ತವೆ, ಇನ್ನು ಈ ಭಾರದ ಪೆಟ್ಟಿಗೆ ಏಕೆ ಎಂದು ಕೇಳುವವರಿದ್ದಾರೆ. ಮೇಮ್ ಮಾಡಿದ್ದು ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಅದು ಉಳಿಸುವುದು ಆಟದ ಕೋಡನ್ನು, ಆ ಕೋಡೂ ಯಾರದೋ ಜೋಪಾನದಲ್ಲಿ ಉಳಿದ ಅಸಲಿ ಬೋರ್ಡಿನ ಚಿಪ್ಪುಗಳಿಂದಲೇ ಬಂದದ್ದು. 1979ರ ‘ಆಸ್ಟರಾಯ್ಡ್ಸ್’ನಲ್ಲಿ ಚಿತ್ರ ಚುಕ್ಕಿಗಳಿಂದ ಆದದ್ದಲ್ಲ, ಎಲೆಕ್ಟ್ರಾನ್ ಕಿರಣ ನೇರವಾಗಿ ಗೆರೆ ಎಳೆಯುತ್ತದೆ, ಗುಂಡು ಹಾರಿದಾಗ ಕತ್ತಲಲ್ಲಿ ಆ ಚುಕ್ಕೆ ಉರಿಯುವ ತೀಕ್ಷ್ಣತೆ ಇವತ್ತಿನ ಯಾವ ಫ್ಲ್ಯಾಟ್ ಪರದೆಗೂ ಪೂರ್ತಿಯಾಗಿ ಬಂದಿಲ್ಲ. ‘ಮಿಸೈಲ್ ಕಮಾಂಡ್’ನ ಟ್ರ್ಯಾಕ್‌ಬಾಲನ್ನು ಅಂಗೈಯಿಂದ ಉರುಳಿಸಿ ನಿಲ್ಲಿಸುವಾಗಿನ ತೂಕವೂ ಕೋಡಿನಲ್ಲಿಲ್ಲ. ಇದನ್ನೆಲ್ಲ ತೋರಿಸಬಲ್ಲದ್ದು ಓಡುವ ಯಂತ್ರವೊಂದೇ, ಗೋಡೆಗೊರಗಿದ್ದಲ್ಲ. ಇಲಿನಾಯ್ ರಾಜ್ಯದ ಬ್ರೂಕ್‌ಫೀಲ್ಡ್‌ನಲ್ಲಿರುವ ಗ್ಯಾಲಪಿಂಗ್ ಗೋಸ್ಟ್ ಆರ್ಕೇಡ್ ನೂರಾರು ಯಂತ್ರಗಳನ್ನಿಟ್ಟುಕೊಂಡು ಇನ್ನೂ ಸೇರಿಸುತ್ತಲೇ ಇದೆಯಲ್ಲ ಎಂದರೆ, ಅಲ್ಲಿ ಬಾಗಿಲು ತೆರೆದ ದಿನವೆಲ್ಲ ಜನ ಆಡುತ್ತಾರೆ, ಕೆಟ್ಟದ್ದು ಅಂದೇ ಗೊತ್ತಾಗುತ್ತದೆ, ರಿಪೇರಿಯೇ ಅಲ್ಲಿನ ನಿತ್ಯದ ಉದ್ಯೋಗ. ವಾರಕ್ಕೊಂದು ಸಂಜೆ ಬಿಡುವಿರುವವನು ಆ ಅಳತೆಗೆ ಕೊಳ್ಳಬಾರದು.

ಹುಡುಕಾಟದ ಸುಖವನ್ನು ಹೇಗೆ ಬಿಡುವುದು ಎಂದು ಕೇಳುವವರಿಗೆ ಅದನ್ನು ಬಿಡಬೇಕಾಗಿಯೇ ಇಲ್ಲ ಎನ್ನುತ್ತೇನೆ. ಬ್ಯಾಟರಿ ತೆಗೆದರೆ ಸಾಯುವ ಸಿಪಿಎಸ್-2ನಂಥವನ್ನು ಬಿಟ್ಟು ಸಾಲಿನಲ್ಲಿರುವ ಪ್ರತಿ ಯಂತ್ರದ ಬ್ಯಾಟರಿಯನ್ನು ಈ ವಾರವೇ ಕಿತ್ತು, ಪೆಟ್ಟಿಗೆಗಳನ್ನು ನೆಲದಿಂದ ಎತ್ತಿ ಮರದ ತುಂಡಿನ ಮೇಲೆ ನಿಲ್ಲಿಸಿ, ಚಿಪ್ಪುಗಳಲ್ಲಿರುವುದನ್ನು ಓದಿ ಕಾಪಿ ತೆಗೆದಿಟ್ಟರೆ ಕಾಯುವಿಕೆ ಸ್ವಲ್ಪವಾದರೂ ಸುರಕ್ಷಿತವಾಗುತ್ತದೆ. ಆಮೇಲೆ ಒಂದೇ ಒಂದನ್ನು ಆರಿಸಿಕೊಂಡು ಅದರಲ್ಲಿ ಇಲ್ಲದ್ದನ್ನು ಹುಡುಕಲಿ: ಒಡೆದುಹೋದ ಹಣೆಪಟ್ಟಿಯ ಗಾಜು, ಆ ಮಾದರಿಗೇ ಸೇರಿದ ನಾಣ್ಯದ ಬಾಗಿಲು, ಮಾನಿಟರಿನ ಸುಟ್ಟುಹೋದ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರು. ಸರಿಯಾದ ಫ್ಲೈಬ್ಯಾಕ್ ಸಿಗಲು ತಿಂಗಳುಗಟ್ಟಲೆ ಬೇಕಾಗಬಹುದು, ಸಿಕ್ಕಿದ ದಿನ ಅದಕ್ಕೆ ಶೆಡ್ಡಿನಲ್ಲಿ ಬೇಕಾಗುವ ಜಾಗ ಒಂದು ಅಂಗೈಯಷ್ಟು.