ಕೆಲಸವಿಲ್ಲದವನ ಹಗಲು

“ಏನಪ್ಪಾ, ಕೆಲಸವೇನಾದರೂ ಸಿಕ್ಕಿತೇ?” ಈ ಪ್ರಶ್ನೆಯನ್ನು ನಾವು ಎಷ್ಟು ಸಲ ಕೇಳಿದ್ದೆವೋ ಲೆಕ್ಕವಿಲ್ಲ. ನಮ್ಮ ಬೀದಿಯ ಕೊನೆಯ ಮನೆಯ ಹುಡುಗನು ಎದುರಿಗೆ ಬಂದಾಗಲೆಲ್ಲ ಇದೇ ಮಾತು ನಮ್ಮ ಬಾಯಿಂದ ಹೊರಡುತ್ತಿದ್ದಿತು. ಅವನು ನಮ್ಮಲ್ಲಿಯೇ ಮೂರು ವರ್ಷ ಸಂಸ್ಕೃತ ಓದಿದವನು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡವನು. ಅವನ ತಾಯಿ ಹೂ ಕಟ್ಟಿ ಮಾರಿ, ಎರಡು ಮನೆಗಳಲ್ಲಿ ಅಡಿಗೆ ಮಾಡಿ, ೨೦೨೩ನೆಯ ಇಸವಿಯಲ್ಲಿ ಅವನನ್ನು ಬಿ. ಎ. ಪರೀಕ್ಷೆ ದಾಟಿಸಿದ್ದರು. ವಿಶ್ವಾಸದಿಂದಲೇ ಕೇಳುತ್ತಿದ್ದೇವೆಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದೆವು. ಕೆಲವು ತಿಂಗಳು ಕಳೆದ ಮೇಲೆ ಹುಡುಗನು ನಮ್ಮ ಮನೆಯ ಮುಂದೆ ಹಾಯುವುದನ್ನೇ ಬಿಟ್ಟು, ಕೆರೆಯ ಕಡೆಯ ಓಣಿಯಿಂದ ಬಳಸಿಕೊಂಡು ಪೇಟೆಗೆ ಹೋಗತೊಡಗಿದನು. ಇದನ್ನು ಕಂಡುಹಿಡಿದವರು ನಾವಲ್ಲ, ನಮ್ಮ ಮನೆಯವರು. “ನೀವು ಜಗುಲಿಯ ಮೇಲೆ ಕೂತಿರುವ ಹೊತ್ತಿನಲ್ಲಿ ಅವನು ಈ ದಾರಿ ತುಳಿಯುವುದಿಲ್ಲ” ಎಂದು ಆಕೆ ಹೇಳಿದಾಗ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳ ಮುಖ ನೋಡಿ ಪಾಠ ಹೇಳಿದ ನಮಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

ಹುಡುಗನಿಗೆ ಆಗ ಸರಕಾರದ ನೆರವು ಬರುತ್ತಿದ್ದಿತು. ಕರ್ನಾಟಕ ಸರಕಾರದ ‘ಯುವನಿಧಿ’ಯ ವಿಷಯವನ್ನು ವಾಚಕರು ಬಲ್ಲರು. ೨೦೨೨-೨೩ನೆಯ ಸಾಲಿನಲ್ಲಿ ತೇರ್ಗಡೆಯಾಗಿ, ೧೮೦ ದಿವಸಗಳಾದರೂ ಉದ್ಯೋಗ ದೊರೆಯದ ಪದವೀಧರರಿಗೆ ತಿಂಗಳಿಗೆ ೩೦೦೦ ರೂಪಾಯಿ, ಡಿಪ್ಲೊಮಾ ಪಡೆದವರಿಗೆ ೧೫೦೦ ರೂಪಾಯಿ. ಕೆಲಸ ಸಿಕ್ಕುವವರೆಗೆ, ಹೆಚ್ಚೆಂದರೆ ಎರಡು ವರ್ಷ. ೨೦೨೪ನೆಯ ಜನವರಿ ೧೨ರಂದು ಶಿವಮೊಗ್ಗೆಯಲ್ಲಿ ಇದರ ವಿತರಣೆಗೆ ಚಾಲನೆ ದೊರೆಯಿತು. ಈ ಹಣವನ್ನು ಹಳಿಯುವವರು ಉಂಟು; ಹುಡುಗರು ಸೋಮಾರಿಗಳಾಗುವರೆಂಬುದು ಅವರ ವಾದ. ನಾವು ಆ ಪಂಗಡಕ್ಕೆ ಸೇರಿದವರಲ್ಲ. ಆ ಮನೆಯಲ್ಲಿ ಅದು ಅಕ್ಕಿಯಾಗಿತ್ತು, ತಾಯಿಯ ಮೊಣಕಾಲಿನ ಔಷಧವಾಗಿತ್ತು. ಆದರೆ ಒಂದು ಸಂಗತಿ ನಮ್ಮ ಮನಸ್ಸನ್ನು ಬಹಳ ಕೊರೆಯಿತು. ನೆರವು ಪಡೆಯತಕ್ಕವನು ‘ನನಗೆ ಇನ್ನೂ ಉದ್ಯೋಗವಿಲ್ಲ’ವೆಂದು ಕಾಲಕಾಲಕ್ಕೆ ತಾನೇ ಘೋಷಿಸಬೇಕು. ಲೆಕ್ಕಪತ್ರದ ದೃಷ್ಟಿಯಿಂದ ಈ ಕ್ರಮ ಅನಿವಾರ್ಯವೆಂಬುದು ನಿಜ. ಆದರೂ ಇಪ್ಪತ್ತೆರಡು ವರ್ಷದ ಹುಡುಗನೊಬ್ಬನು ಅದೇ ವಾಕ್ಯವನ್ನು ಮತ್ತೆ ಮತ್ತೆ ಒಪ್ಪಿ ಒತ್ತುತ್ತಿದ್ದರೆ, ಅದು ಕೇವಲ ಕಾಗದದ ಮಾತಾಗಿ ಉಳಿಯುವುದೇ? ಮನೆಯೊಳಗೆ ಆ ಘೋಷಣೆ, ಬೀದಿಯಲ್ಲಿ ನಮ್ಮ ಪ್ರಶ್ನೆ: ಎರಡರ ನಡುವೆ ಅವನಿಗೆ ಉಳಿದದ್ದು ಕೆರೆಯ ಓಣಿಯೊಂದೇ.

ಉದ್ಯೋಗವಿಲ್ಲದವನ ಕಷ್ಟವೆಂದರೆ ಹೊಟ್ಟೆಯ ಕಷ್ಟವೆಂದು ನಾವು ಸಾಮಾನ್ಯವಾಗಿ ತಿಳಿಯುವೆವು. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ನಷ್ಟವುಂಟೆಂಬುದು ಆಸ್ಟ್ರಿಯಾ ದೇಶದ ಒಂದು ಹಳ್ಳಿಯ ವೃತ್ತಾಂತದಿಂದ ವಿಶದವಾಗುತ್ತದೆ. ವಿಯೆನ್ನಾ ನಗರಕ್ಕೆ ಸಮೀಪದಲ್ಲಿರುವ ಆ ಊರಿನ ಹೆಸರು ಮಾರಿಯೆಂಟಾಲ್. ಅಲ್ಲಿನ ನೂಲಿನ ಗಿರಣಿಯೇ ಇಡೀ ಊರಿಗೆ ಅನ್ನದಾತನಾಗಿದ್ದಿತು. ೧೯೨೯-೩೦ರಲ್ಲಿ ಗಿರಣಿ ಮುಚ್ಚಿತು. ಊರಿನ ೪೭೮ ಕುಟುಂಬಗಳಲ್ಲಿ ಬಹುಪಾಲು ಸರಕಾರದ ನಿರುದ್ಯೋಗ ಭತ್ಯೆಗೆ ಕೈಯೊಡ್ಡಬೇಕಾಯಿತು. ಮಾರೀ ಯಾಹೋಡಾ ಎಂಬ ವಿದುಷಿಯೂ ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ಆಕೆಯ ಸಹೋದ್ಯೋಗಿಗಳೂ ಆ ಊರಿನ ಸ್ಥಿತಿಯನ್ನು ಪರೀಕ್ಷಿಸಿ ೧೯೩೩ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು.

ಅವರು ಕಂಡದ್ದೇನು? ಊರಿನ ಗಂಡಸರಿಗೆ ಈಗ ಬೇಕಾದಷ್ಟು ಬಿಡುವು. ಆದರೂ ಪುಸ್ತಕ ಭಂಡಾರದಿಂದ ಪುಸ್ತಕ ಒಯ್ಯುವವರು ಹೆಚ್ಚುವುದರ ಬದಲು ಕಡಿಮೆಯಾದರು. ಬೀದಿಯಲ್ಲಿ ನಡೆಯುವವರ ವೇಗವನ್ನು ಅಳೆದು ನೋಡಿದಾಗ ಗಂಡಸರು ಹೆಂಗಸರಿಗಿಂತ ನಿಧಾನವಾಗಿ, ನಡುನಡುವೆ ನಿಂತು ನಿಂತು ನಡೆಯುತ್ತಿದ್ದರು. ಅನೇಕರು ಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು. ದಿವಸವೆಲ್ಲ ಏನು ಮಾಡಿದೆ ಎಂದರೆ ಎದ್ದದ್ದು, ಉಂಡದ್ದು, ಮಲಗಿದ್ದು ಇಷ್ಟರ ಹೊರತು ಹೇಳಲು ತೋಚುತ್ತಿರಲಿಲ್ಲ. ಹೆಂಗಸರ ಸ್ಥಿತಿ ಹಾಗಿರಲಿಲ್ಲ. ಒಲೆ, ಬಟ್ಟೆ, ಮಕ್ಕಳು ಅವರಿಗೆ ಬಿಡುವು ಕೊಡಲಿಲ್ಲ. ಕೆಲಸವು ಕೂಲಿಯನ್ನು ಮಾತ್ರ ಕೊಡುವುದಿಲ್ಲ, ಹಗಲಿಗೆ ಒಂದು ಕಟ್ಟನ್ನೂ ಕೊಡುತ್ತದೆ. ಆ ಕಟ್ಟು ಕಳಚಿದಾಗ ಬಿಡುವೆಂಬುದೇ ಹೊರೆಯಾಗುತ್ತದೆ. ನಮ್ಮ ಬೀದಿಯ ಹುಡುಗನೂ ಬೆಳಿಗ್ಗೆ ಹನ್ನೊಂದಕ್ಕೆ ಏಳುವನೆಂದೂ, ರಾತ್ರಿಯೆಲ್ಲ ಕೈಫೋನಿನ ಬೆಳಕಿನಲ್ಲಿ ಕೂರುವನೆಂದೂ ಅವನ ತಾಯಿ ನಮ್ಮ ಮನೆಯವರ ಮುಂದೆ ಕಣ್ಣೊರೆಸಿಕೊಂಡಿದ್ದರು.

ಮಾರಿಯೆಂಟಾಲಿನ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಭತ್ಯೆ ಪಡೆಯುವವನು ಯಾವ ಚಿಕ್ಕ ಸಂಪಾದನೆಯನ್ನೂ ಮಾಡಕೂಡದೆಂಬುದು ಅಲ್ಲಿನ ನಿಯಮ. ಸೌದೆಗಾಗಿ ಮರ ಕಡಿಯಲು ನೆರವಾದವನೊಬ್ಬನಿಗೂ, ಮನೆಮನೆಗೆ ಹಾಲು ಕೊಟ್ಟು ತನ್ನ ಮಕ್ಕಳಿಗಾಗಿ ಸ್ವಲ್ಪ ಹಾಲು ಪಡೆದ ಹೆಂಗಸೊಬ್ಬಳಿಗೂ ಭತ್ಯೆ ನಿಂತುಹೋಯಿತು. ಕೂತವನಿಗೆ ಅನ್ನ, ಎದ್ದವನಿಗೆ ದಂಡ! ನೆರವಿನ ಯೋಜನೆಗಳಲ್ಲಿ ಇದಕ್ಕಿಂತ ಕಷ್ಟವಾದ ಗಂಟು ಬೇರೆಯಿಲ್ಲ. ನಮ್ಮ ಯುವನಿಧಿಯಲ್ಲಿಯೂ ಸ್ವಂತ ಉದ್ಯೋಗ ಹಿಡಿದವನು ನೆರವಿಗೆ ಅನರ್ಹನು.

ನೆರವನ್ನೂ ದುಡಿಮೆಯನ್ನೂ ಒಂದಕ್ಕೊಂದು ವಿರೋಧವಾಗದಂತೆ ಹೊಂದಿಸುವ ವಿಚಾರ ಹೊಸದಲ್ಲ. ತಂಜಾವೂರಿನ ಕಡೆಯ ಪಂಡಿತರೊಬ್ಬರು ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದೊಪ್ಪಿಸಿದ ಓಲೆಗರಿಯ ಕಟ್ಟಿನಿಂದ ಆರ್. ಶಾಮಶಾಸ್ತ್ರಿಗಳು ಕೌಟಲೀಯ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದು, ೧೯೦೯ರಲ್ಲಿ ಅಚ್ಚು ಹಾಕಿಸಿದ ಕಥೆಯನ್ನು ನಾವು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆವು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸೂತ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವುಂಟು. ಉಣ್ಣೆ, ಹತ್ತಿ, ನಾರು ಮುಂತಾದವುಗಳ ನೂಲನ್ನು ವಿಧವೆಯರಿಂದಲೂ ಅಂಗವಿಕಲೆಯರಿಂದಲೂ ವೃದ್ಧೆಯರಿಂದಲೂ ತೆಗೆಸಿ, ನೂಲಿನ ನಯ, ಮಧ್ಯಮ, ಒರಟು ಎಂಬ ಭೇದಕ್ಕೆ ತಕ್ಕಂತೆ ಕೂಲಿ ಕೊಡತಕ್ಕದ್ದು ಅವನ ಕಾರ್ಯ.

ಇಷ್ಟೇ ಆಗಿದ್ದರೆ ನಾವು ಇದನ್ನು ಪ್ರಸ್ತಾಪಿಸುತ್ತಿರಲಿಲ್ಲ. ಮನೆಯಿಂದ ಹೊರಗೆ ಹೊರಡದ ಹೆಂಗಸರು, ಪತಿ ಪರದೇಶಕ್ಕೆ ಹೋದವರು, ತಾವೇ ದುಡಿದು ಹೊಟ್ಟೆ ಹೊರೆಯಬಯಸುವವರು, ಇವರ ಬಳಿಗೆ ಅಧ್ಯಕ್ಷನು ತನ್ನ ದಾಸಿಯರನ್ನು ಕಳುಹಿಸಿ ಆದರಪೂರ್ವಕವಾಗಿ ಕೆಲಸ ಒದಗಿಸಬೇಕಂತೆ. ತಾವೇ ನೂಲಿನ ಶಾಲೆಗೆ ಬರುವವರಿದ್ದರೆ ನಸುಕಿನಲ್ಲಿಯೇ ಕೊಡುಕೊಳುವುದು ಮುಗಿಯಬೇಕು. ದೀಪವಿರತಕ್ಕದ್ದು ನೂಲನ್ನು ಪರೀಕ್ಷಿಸುವುದಕ್ಕೆ ಮಾತ್ರ. ಹೆಂಗಸಿನ ಮುಖ ನೋಡಿದರೂ, ಕೆಲಸದ ಹೊರತು ಬೇರೆ ಮಾತಾಡಿದರೂ ಅಧಿಕಾರಿಗೆ ದಂಡ; ಕೂಲಿ ಕೊಡಲು ಹೊತ್ತು ಮೀರಿಸಿದರೆ ಅದಕ್ಕಿಂತ ಹೆಚ್ಚಿನ ದಂಡ. ಕೂಲಿ ಪಡೆದು ಕೆಲಸ ಮಾಡದವಳಿಗೆ ಅದೇ ಪ್ರಕರಣದಲ್ಲಿ ಬೆರಳು ಕತ್ತರಿಸುವ ಘೋರಶಿಕ್ಷೆಯೂ ಉಂಟು. ಪೂರ್ವಿಕರ ಮೇಲಿನ ಅಭಿಮಾನದಿಂದ ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆದರೆ ಆ ದೀಪದ ವಿಷಯವನ್ನು ಓದಿದಾಗಲೆಲ್ಲ ನಮಗೆ ಆಶ್ಚರ್ಯವಾಗುತ್ತದೆ. ಬೆಳಕು ನೂಲಿನ ಮೇಲೆ ಬೀಳಬೇಕು, ಮುಖದ ಮೇಲೆ ಬೀಳಕೂಡದು. ಜಗುಲಿಯ ಮೇಲೆ ಕೂತು ನಾವು ಮಾಡಿದ್ದು ಇದಕ್ಕೆ ತೀರ ವಿಪರೀತ. ದೀಪವನ್ನು ಎತ್ತಿ ಹುಡುಗನ ಮುಖಕ್ಕೆ ಹಿಡಿದಿದ್ದೆವು.

ಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆವು. ನಿಲ್ಲಿಸಿದ ಮಾತ್ರಕ್ಕೆ ಹುಡುಗನೇನೂ ಮರಳಿ ಬರಲಿಲ್ಲ. ದೈವಯೋಗದಿಂದ, ೨೦೨೫ರ ಫಾಲ್ಗುಣ ಮಾಸದ ಬಿಸಿಲಿನಲ್ಲಿ ನಮ್ಮ ಬಾವಿಯ ಪಂಪಿನ ಮೋಟಾರು ಸುಟ್ಟುಹೋಯಿತು. ರಿಪೇರಿಯವನು ಪಕ್ಕದ ತಾಲ್ಲೂಕಿನಿಂದ ಬರಬೇಕು. ಬಂದದ್ದು ಐದನೆಯ ದಿನ. ಮೋಟಾರನ್ನು ಕಳಚಿ ಗಾಡಿಗೆ ಎತ್ತಲು ಒಬ್ಬರು ಬೇಕಾದರು. ನಮ್ಮ ಮನೆಯವರು ಹುಡುಗನನ್ನು ಕರೆಯಿಸಿದರು. ಬಂದವನು ಮೋಟಾರಿನ ಹೊಟ್ಟೆಯೊಳಗಿನ ಕಪ್ಪಾದ ತಾಮ್ರದ ತಂತಿಯನ್ನು ಬಹಳ ಹೊತ್ತು ನೋಡಿ, “ಇದನ್ನು ಸುತ್ತುವುದು ಎಷ್ಟು ದಿನದ ಕೆಲಸ?” ಎಂದು ರಿಪೇರಿಯವನನ್ನು ಕೇಳಿದನು. ಒಂದು ವರ್ಷದಲ್ಲಿ ಅವನ ಬಾಯಿಂದ ನಾವು ಕೇಳಿದ ಮೊದಲನೆಯ ಪ್ರಶ್ನೆ ಅದು.

ಇಲ್ಲಿ ಉಜಿರೆಯ ವಿಷಯವನ್ನು ಹೇಳಬೇಕಾಗಿದೆ. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಆ ಊರಿನಲ್ಲಿ ೧೯೮೨ರಲ್ಲಿ, ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ, ಅಲ್ಲಿನ ವಿದ್ಯಾಸಂಸ್ಥೆಯೂ ಸಿಂಡಿಕೇಟ್ ಬ್ಯಾಂಕೂ ಕೆನರಾ ಬ್ಯಾಂಕೂ ಒಡಗೂಡಿ ನಿರುದ್ಯೋಗಿ ಯುವಕರಿಗಾಗಿ ಒಂದು ಶಿಕ್ಷಣಕೇಂದ್ರವನ್ನು ತೆರೆದವು. ರುಡ್‌ಸೆಟ್ ಸಂಸ್ಥೆಯೆಂದು ಅದು ಪ್ರಸಿದ್ಧವಾಗಿದೆ. (ಸಿಂಡಿಕೇಟ್ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು.) ಆ ಮಾದರಿಯನ್ನು ಕೇಂದ್ರಸರಕಾರವು ಮೆಚ್ಚಿ, ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ನಡೆಸುವ ಏರ್ಪಾಡನ್ನು ಮಾಡಿತು. ಊಟ, ವಸತಿ, ಪಾಠ ಎಲ್ಲವೂ ಉಚಿತ. ಹೈನುಗಾರಿಕೆ, ಹೊಲಿಗೆ, ಮನೆಯ ವೈರಿಂಗು, ಮೊಬೈಲ್ ರಿಪೇರಿ, ಮೋಟಾರು ವೈಂಡಿಂಗ್ ಇತ್ಯಾದಿ ಕಸುಬುಗಳನ್ನು ಕೆಲವು ವಾರಗಳಲ್ಲಿ ಕಲಿಸುವರು.

ಕೆಲವು ವಾರಗಳಲ್ಲಿ ಕಸುಬು ಬರುವುದೇ ಎಂದು ನಮಗೂ ಸಂಶಯವಿದ್ದಿತು. ಹುಡುಗನು ನಮ್ಮ ಜಿಲ್ಲೆಯ ಕೇಂದ್ರಕ್ಕೆ ಸೇರಿ ಬಂದಮೇಲೆ ಅವನಿಂದಲೇ ವಿವರ ತಿಳಿಯಿತು. ಬೆಳಿಗ್ಗೆ ಬೇಗ ಏಳುವುದು, ಯೋಗಾಭ್ಯಾಸ, ಅಂಗಳ ಗುಡಿಸುವ ಶ್ರಮದಾನ. ಅನಂತರ ಒಬ್ಬೊಬ್ಬರೂ ಎದ್ದು ನಿಂತು, ನಿನ್ನೆ ಕಲಿತುದರಲ್ಲಿ ತನಗೆ ಮುಖ್ಯವೆನಿಸಿದ್ದು ಯಾವುದೆಂದು ಹೇಳತಕ್ಕದ್ದು. ಮೊದಲ ದಿನ ಎದ್ದು ನಿಂತಾಗ ತನ್ನ ಕಾಲು ನಡುಗಿತೆಂದನು. ಮಾರಿಯೆಂಟಾಲಿನವರು ಕಳೆದುಕೊಂಡದ್ದೇ ಇಲ್ಲಿ ಮೊದಲು ಕೈಸೇರುತ್ತದೆಂದು ನಮಗೆ ತೋರಿತು.

ಒಂದು ಆಟವನ್ನು ಅವನು ಬಹಳ ರಸವತ್ತಾಗಿ ವರ್ಣಿಸಿದನು. ನೆಲದಲ್ಲಿ ಒಂದು ಗೂಟ. ಅದಕ್ಕೆ ಬಳೆಯಂಥ ಉಂಗುರವನ್ನು ಎಸೆಯಬೇಕು. ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದು ಎಸೆಯುವವನ ಇಷ್ಟ. ಅಂಜುಬುರುಕನು ಗೂಟದ ಪಕ್ಕದಲ್ಲಿಯೇ ನಿಲ್ಲುವನು. ಅದೃಷ್ಟವನ್ನು ನಂಬಿದವನು ಗೋಡೆಗೆ ಒರಗಿ ನಿಂತು ಎಸೆಯುವನು. ತನ್ನ ಅಳವನ್ನು ಅರಿತವನು ಕಷ್ಟವಾದರೂ ಸಾಧ್ಯವಾಗುವಷ್ಟು ದೂರವನ್ನು ಆರಿಸುವನು. ಡೇವಿಡ್ ಮ್ಯಾಕ್‌ಲೆಲಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನ ವಿಚಾರಗಳಿಂದ ಬಂದ ಆಟವಿದು. ೧೯೬೦ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಆತನು ಈ ಬಗೆಯ ಶಿಕ್ಷಣವನ್ನು ಕೊಡಿಸಿ ಪರೀಕ್ಷಿಸಿದ್ದನು. “ನೀನೆಲ್ಲಿ ನಿಂತೆಯಪ್ಪಾ?” ಎಂದೆವು. “ಮೊದಲನೇ ಸಲ ಗೋಡೆ ಹತ್ತಿರ, ಮೇಷ್ಟ್ರೇ” ಎಂದು ನಕ್ಕನು. ದೊಡ್ಡ ಸರಕಾರಿ ಪರೀಕ್ಷೆಗಳ ಹೊರತು ಬೇರೊಂದಕ್ಕೆ ಅವನು ಅದುವರೆಗೆ ಅರ್ಜಿಯನ್ನೇ ಹಾಕಿರಲಿಲ್ಲ.

ಕಲಿತು ಬಂದುದಾಯಿತು. ಅಂಗಡಿ ಹೂಡುವ ಮಾತು ಬಂದಾಗ ಮನೆಯಲ್ಲಿ ದೊಡ್ಡ ಕೋಲಾಹಲವಾಯಿತು. ತಾಯಿ ನೇರವಾಗಿ ನಮ್ಮ ಜಗುಲಿಗೆ ಬಂದು, “ತಿಂಗಳಿಗೆ ಮೂರು ಸಾವಿರ ಬರೋದನ್ನ ಬಿಡು ಅಂತ ಅವನಿಗೆ ನೀವೇ ಹೇಳಿದಿರಂತೆ, ಹೌದೇ ಮೇಷ್ಟ್ರೇ? ಸಾಲ ತೀರಿಸೋಕೆ ಆಗದೇ ಹೋದರೆ ನೀವು ಬರ್ತೀರಾ?” ಎಂದು ಕೇಳಿದರು. ನಾವು ಹಾಗೆ ಹೇಳಿರಲಿಲ್ಲ. ಆದರೆ ಅದನ್ನು ವಾದಿಸುವ ಹೊತ್ತು ಅದಲ್ಲ. ಆಕೆಯದು ದುರಾಸೆಯಲ್ಲ, ಲೆಕ್ಕ. ಹತ್ತು ತಿಂಗಳ ನೆರವು ಇನ್ನೂ ಬಾಕಿಯಿದ್ದಿತು. ನಿಶ್ಚಿತವಾದ ಮೂವತ್ತು ಸಾವಿರವನ್ನು ಬಿಟ್ಟು ಅನಿಶ್ಚಿತವಾದುದಕ್ಕೆ ಕೈಹಾಕೆಂದು ಬಡವರಿಗೆ ಉಪದೇಶಿಸುವುದು ಪಿಂಚಣಿ ತಪ್ಪದೆ ಬರುವ ನಮಗೆ ಸುಲಭ. ಬಾಳೆಯ ಗೊನೆ ಬಲಿಯುವವರೆಗೆ ಊರೆಗೋಲನ್ನು ತೆಗೆಯುವುದಿಲ್ಲವಷ್ಟೆ. ಸ್ವಂತ ಉದ್ಯೋಗ ಹೂಡಿದವನಿಗೆ ಆರು ತಿಂಗಳಾದರೂ ಅರ್ಧ ನೆರವು ನಡೆಯುವಂತಿದ್ದರೆ, ಎಷ್ಟೋ ತಾಯಂದಿರು ಆ ದಿನ ಜಗುಲಿಗೆ ಬರಬೇಕಾಗುತ್ತಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ, ಆಳುವವರು ಆಲೋಚಿಸಲಿ.

ಕಡೆಗೆ ತಾಯಿಯನ್ನು ಒಪ್ಪಿಸಿದ್ದು ನಮ್ಮ ಮಾತಲ್ಲ, ಕೇಂದ್ರದಿಂದ ಬಂದ ಒಬ್ಬ ಉಪಾಧ್ಯಾಯರು. ತರಬೇತಿ ಮುಗಿದ ಮೇಲೂ ಎರಡು ವರ್ಷ ಅಭ್ಯರ್ಥಿಯನ್ನು ವಿಚಾರಿಸಿಕೊಳ್ಳುತ್ತಿರಬೇಕೆಂಬುದು ಆ ಸಂಸ್ಥೆಗಳ ನಿಯಮ. ಈ ಏರ್ಪಾಡಿನಲ್ಲೆಲ್ಲ ನಮಗೆ ಅತ್ಯಂತ ಹಿಡಿಸಿದ್ದು ಇದೇ. ಅವರು ಮನೆಯ ನಡುಮನೆಯಲ್ಲಿ ಕೂತು, ಕಾಫಿ ಕುಡಿದು, ಸುತ್ತಲ ಆರು ಹಳ್ಳಿಗಳಲ್ಲಿ ಎಷ್ಟು ಪಂಪುಗಳಿವೆಯೆಂಬುದನ್ನು ತಾಯಿಯಿಂದಲೇ ಎಣಿಸಿದರು. ಹೂ ಮಾರುವವರಿಗೆ ತಿಳಿಯದ ತೋಟವುಂಟೇ? ಎಣಿಕೆ ಎಂಬತ್ತು ದಾಟಿತು. ಮುದ್ರಾ ಯೋಜನೆಯ ಶಿಶು ಎಂಬ ವರ್ಗದಲ್ಲಿ ೫೦,೦೦೦ ರೂಪಾಯಿಗಳವರೆಗೆ ಜಾಮೀನಿಲ್ಲದೆ ಸಾಲ ಸಿಕ್ಕುತ್ತದೆ. ಹುಡುಗನು ಅದರಲ್ಲಿ ಮೂವತ್ತನ್ನು ಮಾತ್ರ ತೆಗೆದುಕೊಂಡನು.

ಮೊದಲನೆಯ ತಿಂಗಳು ಉಳಿದದ್ದು ೨೧೦೦ ರೂಪಾಯಿ. ಬಿಟ್ಟ ನೆರವಿಗಿಂತ ಕಡಿಮೆ. ಎರಡನೆಯ ತಿಂಗಳಲ್ಲಿ ತಪ್ಪು ಸುತ್ತಿದ ಒಂದು ಮೋಟಾರು ಮತ್ತೆ ಸುಟ್ಟು, ತಂತಿಯ ಖರ್ಚು ಕೈಯಿಂದ ಹೋಯಿತು. ಆ ವಾರ ಅವನು ಮತ್ತೆ ಕೆರೆಯ ಓಣಿಯಲ್ಲಿ ಕಾಣಿಸಿಕೊಂಡನೆಂದು ಕೇಳಿ ನಮಗೆ ಎದೆಯೊಡೆಯಿತು. ಜಗುಲಿಯಿಂದ ಎದ್ದು ಹೋಗಿ ಕೇಳಿಯೇಬಿಡೋಣವೆಂದು ಮೆಟ್ಟಿಲಿಳಿದಿದ್ದೆವು. ನಮ್ಮ ಮನೆಯವರು ಸುಮ್ಮನೆ ನೋಡಿದರು, ಹಿಂತಿರುಗಿದೆವು. ಆಕೆ ನಮ್ಮ ಹಳೆಯ ಮಿಕ್ಸಿಯನ್ನು ಚೀಲದಲ್ಲಿ ಹಾಕಿ ಅವನ ಅಂಗಡಿಗೆ ಕಳುಹಿಸಿದರು. ಅದಕ್ಕೇನು ಕೆಟ್ಟಿತ್ತೋ ನಮಗೆ ಇಂದಿಗೂ ತಿಳಿಯದು.

ಮೊನ್ನೆ ಬಾವಿಯ ಪಂಪು ಮತ್ತೆ ನಿಂತಿತು. ಹುಡುಗನಿಗೆ ಹೇಳಿಕಳುಹಿಸಿದೆವು. “ಇವತ್ತು ಆಗೋದಿಲ್ಲ ಮೇಷ್ಟ್ರೇ, ತೋಟದವರದು ಎರಡು ಮೋಟಾರಿವೆ. ನಾಳೆ ಹತ್ತು ಗಂಟೆಗೆ ಸರಿಯಾಗಿ ಬರ್ತೀನಿ” ಎಂದು ಉತ್ತರ ಬಂದಿತು. ಆ ದಿನವೆಲ್ಲ ನಾವು ಪಕ್ಕದ ಮನೆಯ ನಲ್ಲಿಯಿಂದ ನೀರು ಹೊತ್ತೆವು.