ಬೋಗುಣಿಯಲ್ಲಿ ಬೆಳೆದ ಕಿರುಪಿಂಡ

ಮುಷ್ಟಿಗಾತ್ರದ ಒಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಶೋಧಕ ಘಟಕಗಳಿವೆ. ಪ್ರತಿಯೊಂದಕ್ಕೂ ಕೂದಲಿಗಿಂತ ತೆಳುವಾದ ಒಂದು ನಾಳ. ಕೆಲವರಲ್ಲಿ ಈ ನಾಳಗಳು ಅಲ್ಲಲ್ಲಿ ಉಬ್ಬಿ ನೀರು ತುಂಬಿದ ಗುಳ್ಳೆಗಳಾಗುತ್ತವೆ. ಗುಳ್ಳೆಗಳು ವರ್ಷವರ್ಷವೂ ಬೆಳೆದು, ಪಕ್ಕದ ಆರೋಗ್ಯವಾದ ಭಾಗವನ್ನು ಒತ್ತಿ ಕೆಡಿಸುತ್ತವೆ. ಬಹುಗುಳ್ಳೆ ಮೂತ್ರಪಿಂಡ ರೋಗವೆಂದು ಇದನ್ನು ಕರೆಯಬಹುದು. ಇದರ ಸಾಮಾನ್ಯ ರೂಪದಲ್ಲಿ, ತಂದೆತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ನಾಣ್ಯ ಚಿಮ್ಮಿದಂತೆಯೇ ಸರಿ. ರೋಗಿಗಳಲ್ಲಿ ಸುಮಾರು ಅರ್ಧ ಜನಕ್ಕೆ 60 ವರ್ಷದ ಹೊತ್ತಿಗೆ ಮೂತ್ರಪಿಂಡಗಳು ಕೈಕೊಟ್ಟು, ಡಯಾಲಿಸಿಸ್ ಅಥವಾ ಬದಲಿ ಮೂತ್ರಪಿಂಡವೇ ಗತಿಯಾಗುತ್ತದೆ.

ಇದಕ್ಕೆ ಕಾರಣವಾದ ಮುಖ್ಯ ಜೀನುಗಳು ಎರಡು: 1994ರಲ್ಲಿ ಪತ್ತೆಯಾದ ಪಿಕೆಡಿ-1 ಮತ್ತು 1996ರಲ್ಲಿ ಪತ್ತೆಯಾದ ಪಿಕೆಡಿ-2. ಆದರೆ ದೋಷವಿರುವ ಸ್ಥಳ ತಿಳಿದ ಮಾತ್ರಕ್ಕೆ ಗುಳ್ಳೆ ಹುಟ್ಟುವ ಬಗೆ ತಿಳಿಯಿತೆ? ಬದುಕಿರುವ ಮನುಷ್ಯನ ಮೂತ್ರಪಿಂಡವನ್ನು ದಿನದಿನವೂ ತೆರೆದು ನೋಡುವಂತಿಲ್ಲ. ಇಲಿಯನ್ನು ನೋಡೋಣವೆಂದರೆ, ಮನುಷ್ಯನಲ್ಲಿರುವಂತೆ ಜೀನಿನ ಜೋಡಿಯಲ್ಲಿ ಒಂದೇ ಕೆಟ್ಟಿರುವ ಇಲಿಗೆ ರೋಗ ಅಷ್ಟಾಗಿ ಬಲಿಯುವುದಿಲ್ಲ.

ದಾರಿ ಬೇರೊಂದು ಕಡೆಯಿಂದ ತೆರೆಯಿತು. ಜಪಾನಿನ ಕ್ಯೋಟೋ ನಗರದ ಶಿನ್ಯಾ ಯಮನಾಕ ಅವರ ತಂಡವು 2007ರಲ್ಲಿ ಮನುಷ್ಯನ ಚರ್ಮದ ಕೋಶಗಳಿಗೆ ನಾಲ್ಕು ಜೀನುಗಳನ್ನು ಸೇರಿಸಿ, ಅವನ್ನು ಭ್ರೂಣದ ಕೋಶಗಳಂತೆ ಯಾವ ಅಂಗಾಂಶವಾಗಿಯಾದರೂ ಬೆಳೆಯಬಲ್ಲ ಆಕರಕೋಶಗಳಾಗಿ ಮಾರ್ಪಡಿಸಿತು. ಆಕರಕೋಶಗಳಿಗೆ ತಕ್ಕ ರಾಸಾಯನಿಕಗಳನ್ನು ತಕ್ಕ ಕ್ರಮದಲ್ಲಿ ಉಣಿಸಿದರೆ, ಕೆಲವು ವಾರಗಳಲ್ಲಿ ಮೂತ್ರನಾಳಗಳನ್ನು ಹೋಲುವ ರಚನೆಗಳುಳ್ಳ ಕಿರುಪಿಂಡಗಳು ಮೂಡುತ್ತವೆ. ಇವನ್ನು ಮೂತ್ರಪಿಂಡವೆನ್ನುವುದು ಉತ್ಪ್ರೇಕ್ಷೆ. ಬೋಗುಣಿಯಲ್ಲಿರುವ ಇವುಗಳೊಳಗೆ ರಕ್ತ ಹರಿಯದು, ಮೂತ್ರ ಹೊರಹೋಗಲು ದಾರಿಯೂ ಇಲ್ಲ.

ಅಮೆರಿಕದಲ್ಲಿ ಬೆಂಜಮಿನ್ ಫ್ರೀಡ್‌ಮನ್ ಮತ್ತು ಸಂಗಡಿಗರು ಆರೋಗ್ಯವಂತ ಆಕರಕೋಶಗಳಲ್ಲಿ ಈ ಜೀನುಗಳನ್ನು ಕ್ರಿಸ್ಪರ್ ವಿಧಾನದಿಂದ ಕೆಡಿಸಿ, ಅವುಗಳಿಂದ ಕಿರುಪಿಂಡಗಳನ್ನು ಬೆಳೆಸಿದರು. 2015ರಲ್ಲಿ ಪ್ರಕಟವಾದ ಫಲ: ಗುಳ್ಳೆಗಳು ಬಂದವು, ಆದರೆ ಕೆಲವೇ ಕೆಲವಲ್ಲಿ. ಜೀನು ಎಲ್ಲವುಗಳಲ್ಲಿಯೂ ಕೆಟ್ಟಿದ್ದರೂ ಉಳಿದವು ಏಕೆ ಸುಮ್ಮನಿದ್ದವು?

ನಾವು ಭೌತವಿಜ್ಞಾನದ ಪಾಠ ಹೇಳುವವರು. ಜೀವಕೋಶ ನಮ್ಮ ಕ್ಷೇತ್ರವಲ್ಲ. ಆದರೂ ಮುಂದಿನ ಪ್ರಯೋಗ ನಮ್ಮನ್ನು ಬಹುವಾಗಿ ಸೆಳೆದಿದೆ. 2017ರಲ್ಲಿ ಅದೇ ತಂಡವು ಬೋಗುಣಿಯ ತಳಕ್ಕೆ ಅಂಟಿಕೊಂಡಿದ್ದ ಕಿರುಪಿಂಡಗಳನ್ನು ಬಿಡಿಸಿ ದ್ರವದಲ್ಲಿ ತೇಲಿಬಿಟ್ಟಿತು. ಅಷ್ಟೆ! ಕೆಟ್ಟ ಜೀನುಳ್ಳವುಗಳಲ್ಲಿ ಬಹುಪಾಲು ಗುಳ್ಳೆಗಟ್ಟಿದವು. ಕೆಲವು ಗುಳ್ಳೆಗಳು ಒಂದು ಸೆಂಟಿಮೀಟರ್ ವ್ಯಾಸದವರೆಗೆ ಬೆಳೆದವು. ಗಟ್ಟಿ ತಳದ ಹಿಡಿತವೇ ಅವನ್ನು ಅದುವರೆಗೆ ತಡೆದಿತ್ತು. ದೋಷ ಜೀನಿನದಾದರೂ ಅದು ಪ್ರಕಟವಾಗಲು ಸುತ್ತಲಿನ ಆಸರೆ, ಎಳೆತಗಳೂ ಕಾರಣವೆಂದಾಯಿತು.

2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕಿರುಪಿಂಡಗಳ ಮೇಲೆ ದ್ರವವನ್ನು ಹರಿಯಿಸಲಾಯಿತು. ನಾಳದ ಕೋಶಗಳು ದ್ರವದಲ್ಲಿದ್ದ ಗ್ಲೂಕೋಸನ್ನು ಒಳಗೆಳೆದುಕೊಂಡಾಗ ಅದರ ಹಿಂದೆ ನೀರೂ ನುಗ್ಗಿ ಗುಳ್ಳೆ ಹಿಗ್ಗಿತು. ಗುಳ್ಳೆಯ ಗೋಡೆ ತಾನೇ ನೀರನ್ನು ಒಳಕ್ಕೆ ಸ್ರವಿಸುತ್ತದೆ ಎಂಬ ವಿವರಣೆಯ ಮಗ್ಗುಲಲ್ಲಿ ಹೀರಿಕೆಯ ಈ ವಿವರಣೆಯೂ ನಿಂತಿತು.

ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆದ ಟಾಲ್ವಾಪ್ಟಾನ್ ಎಂಬ ಔಷಧ ರೋಗದ ನಡಿಗೆಯನ್ನು ನಿಧಾನಗೊಳಿಸುತ್ತದೆ, ನಿಲ್ಲಿಸದು. ಅದಕ್ಕಿಂತ ಒಳ್ಳೆಯದನ್ನು ಹುಡುಕುವವರು ಈಗ ಒಂದೇ ಹಲಗೆಯ ನೂರಾರು ಕಿರುಗುಳಿಗಳಲ್ಲಿ ಕಿರುಪಿಂಡಗಳನ್ನು ಬೆಳೆಸಿ, ಒಂದೊಂದಕ್ಕೂ ಒಂದೊಂದು ವಸ್ತುವನ್ನು ಹನಿಸಿ ನೋಡಬಲ್ಲರು.